ನಿನ್ನ ಬಾಗಿಲಿಗೆ ಆರುನೂರ ನಲವತ್ತು ಕಿಲೋಮೀಟರ್

ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಂಗುರಿ,

ಹೇಗಿದ್ದೀಯೆ ಎಂದು ಕೇಳುವ ಮೊದಲು ಬೈಸಿಕೊಳ್ಳುವ ಕೆಲಸ ಮುಗಿಸಿಬಿಡುತ್ತೇನೆ. ನಿನ್ನ ಪತ್ರ ಬಂದು ಇವತ್ತಿಗೆ ಏಳು ವಾರವಾಯಿತು. ಮೂರು ವರ್ಷದ ಮೇಲೆ ನೀನು ಬರೆದ ಮೊದಲ ಪತ್ರ, ಅದಕ್ಕೆ ಅವತ್ತೇ ಉತ್ತರ ಬರೆಯಬೇಕಿತ್ತು. ನಾಲ್ಕು ಸಲ ಕೂತೆ. ನಾಲ್ಕು ಸಲವೂ 'ಪ್ರೀತಿಯ ಗುಂಗುರಿ' ಎಂಬಲ್ಲಿಗೆ ಪೆನ್ನು ಮುಷ್ಕರ ಹೂಡಿತು. ಶಾಲೆಯಲ್ಲಿ ಪ್ರಬಂಧ ಬರೆಯುವಾಗಲೂ ನನ್ನ ಪಾಡು ಹೀಗೇ ಇತ್ತಲ್ಲ, ಆಗ ಪಕ್ಕದಲ್ಲಿ ನೀನಿದ್ದೆ, ಕದ್ದು ನೋಡಿ ಬರೆಯುತ್ತಿದ್ದೆ. ಈಗ ಯಾರದನ್ನು ನೋಡಲಿ?

ಫೋನು ಮಾಡಬಹುದಿತ್ತು. ಆದರೆ ಆ ಸುದ್ದಿ ಫೋನಿನಲ್ಲಿ ಬಂದಾಗಿನಿಂದ ನೀನು ಅದನ್ನು ಕಿವಿಗೆ ಹಿಡಿದಿಲ್ಲ ಎಂದು ನಿನ್ನ ಅಣ್ಣ ಹೇಳಿದ್ದರು. ಗಂಟೆ ಬಾರಿಸಿದರೆ ಎದ್ದು ಹಿತ್ತಲಿಗೆ ಹೋಗುತ್ತೀಯಂತೆ. ಅದಕ್ಕೇ ಮಾಡಲಿಲ್ಲ.

ನನ್ನ ಕೆಲಸ ಅದೇ. ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುವ ಹಲ್ಲಿನ ಸೆಟ್ಟು ಮಾಡುವುದು. ಮೇಣ ಕಾಯಿಸು, ಅಚ್ಚು ತೆಗೆ, ಹಲ್ಲು ಜೋಡಿಸು, ಉಜ್ಜು. ಊರಿನ ಅರ್ಧ ಮುದುಕರ ನಗು ನನ್ನ ಕೈಯದು. ನಮ್ಮ ಮನೆಯವರ ಕೆಳಗಿನ ಎರಡು ಹಲ್ಲು ಹೋದವು. 'ಮನೇಲೇ ಕಾರ್ಖಾನೆ ಇದೆ, ನನಗೇ ಹಲ್ಲಿಲ್ಲ' ಎಂದು ಬಂದವರ ಮುಂದೆಲ್ಲ ಗೊಣಗುತ್ತಾರೆ. ಬಡಗಿಯ ಮನೆ ಮಂಚಕ್ಕೆ ಮೂರೇ ಕಾಲು ಎಂದ ಹಾಗೆ.

ನನ್ನ ಮಗಳ ತೊಡೆಯೊಳಗಿದ್ದ ರಾಡನ್ನು ಡಿಸೆಂಬರಿನಲ್ಲಿ ತೆಗೆಸಿದೆವು. ಈಗ ನಡೆದರೆ ಗೊತ್ತಾಗುವುದಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಒಂದು ಕ್ಷಣ ನಿಲ್ಲುತ್ತಾಳೆ. ಬೇರೆ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಫೋನು. ನಿನ್ನ ಮಗಳ ಹೆಸರನ್ನು ಇವತ್ತಿಗೂ ಬಾಯಲ್ಲಿ ಹೇಳುವುದಿಲ್ಲ. ಆದರೆ ಚಳಿ ಬಿದ್ದರೆ ಸಾಕು, ಅವಳ ಹಸಿರು ಸ್ವೆಟರನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ತೋಳು ಇವಳಿಗೆ ಗಿಡ್ಡ. 'ಬೇರೆ ಹೆಣ್ದು ಕೊಡ್ಲಾ?' ಎಂದೆ. 'ಬೇಡ ಅಮ್ಮ' ಎಂದಳು. ಅಷ್ಟೇ ಮಾತು.

ಈಗ ಮುಖ್ಯವಾದ ಸುದ್ದಿ. ಕೂತುಕೊಂಡು ಓದು.

ನಾನು ನಿನ್ನ ಹತ್ತಿರ ಬರಬೇಕೆಂದಿದ್ದೇನೆ. ಬಸ್ಸಿನಲ್ಲಲ್ಲ, ಬಸ್ಸಿನ ಮೆಟ್ಟಿಲಿಗೆ ಇವತ್ತಿಗೂ ನನ್ನ ಕಾಲು ಏಳುವುದಿಲ್ಲ. ಬೈಕಿನಲ್ಲಿ. ಯಾರದೋ ಹಿಂದೆ ಕೂತಲ್ಲ, ನಾನೇ ಓಡಿಸಿಕೊಂಡು, ಒಬ್ಬಳೇ. ಐವತ್ತಮೂರು ವರ್ಷದ ಹೆಂಗಸು, ಮಂಡಿನೋವು, ದೂರದ್ದು ಕಾಣಲು ಒಂದು ಕನ್ನಡಕ, ಹತ್ತಿರದ್ದಕ್ಕೆ ಇನ್ನೊಂದು. ನಗಬೇಕೆನಿಸಿದರೆ ನಕ್ಕುಬಿಡು. ನೀನು ನಕ್ಕು ಎಷ್ಟು ದಿನವಾಯಿತೋ.

ಯಾವ ಬೈಕು ಎಂದರೆ ಅದೇ. ನಮ್ಮ ಹುಡುಗಿಯರಿಬ್ಬರೂ ಕೂಡಿ ಕೊಂಡ ಹಳೇ ಕಪ್ಪು ಬೈಕು. ಅದನ್ನು ಅವರು ನಮ್ಮ ಜಗುಲಿಗೆ ತಂದ ದಿನ ನಿನ್ನ ಮಗಳು ಚಿನಕುರುಳಿ ಹ್ಯಾಂಡಲಿಗೆ ಮುತ್ತು ಕೊಟ್ಟು ತುಟಿಗೆಲ್ಲ ಗ್ರೀಸು ಮಾಡಿಕೊಂಡಿದ್ದಳು. ಸಮುದ್ರದ ಪಕ್ಕದ ನಿನ್ನ ಅಣ್ಣನ ಮನೆಗೆ, ಈಗ ನೀನಿರುವ ಅದೇ ಮನೆಗೆ, ಅದರ ಮೇಲೇ ಹೋಗಬೇಕು, ಹೆಣ್ಣುಮಕ್ಕಳಿಬ್ಬರೇ, ಮೊದಲ ದೂರದ ಪ್ರಯಾಣ ಎಂದು ಆರು ತಿಂಗಳು ಕುಣಿದರು. ನಾನು ಬೇಡ ಎಂದೆ. ನೀನು, 'ಹೋಗಿ ಬರ್ಲಿ ಬಿಡೇ. ನಾವಂತೂ ಸೈಕಲ್ ಮೇಲೆ ಪೋಸ್ಟಾಫೀಸು ದಾಟ್ಲಿಲ್ಲ' ಎಂದೆ. ಮುಂದಿನದು ನಿನಗೆ ನಾನು ಹೇಳಬೇಕೇ? ಬೈಕು ಗ್ಯಾರೇಜಿನಲ್ಲಿ ಉಳಿಯಿತು. ಅವರು ಬಸ್ಸು ಹತ್ತಿದರು. ತಿರುವಿನಲ್ಲಿ ನಿಂತಿದ್ದ ಲಾರಿಗೆ ಬಸ್ಸು ಬಡಿಯಿತು. ಹೊರಟವರು ಇಬ್ಬರು, ತಿರುಗಿ ಬಂದವಳು ನನ್ನವಳೊಬ್ಬಳೇ.

ಗ್ಯಾರೇಜ್ ಮಾಮನ ನೆನಪಿದೆಯಲ್ಲ, ಹುಡುಗಿಯರಿಗೆ ಬೈಕು ಆರಿಸಿಕೊಟ್ಟವರು? ಕಳೆದ ಜೂನಿನಲ್ಲಿ ಅವರ ಹತ್ತಿರ ಹೋಗಿ 'ನನಗೆ ಬೈಕು ಕಲಿಸಿ' ಎಂದೆ. ಅವರು ಕೈ ಒರೆಸಿಕೊಂಡರು, ಒರೆಸಿಕೊಂಡೇ ಇದ್ದರು.

'ಯಾಕಮ್ಮಾ?'

'ಒಂದು ಕಡೆ ಹೋಗ್ಬೇಕು.'

'ಎಲ್ಲಿಗೆ?'

'ಅವ್ರು ಹೋಗ್ಬೇಕಾಗಿತ್ತಲ್ಲ, ಅಲ್ಲಿಗೆ.'

'ನಾಳೆ ಆರು ಗಂಟೆಗೆ ಶಾಲೆ ಮೈದಾನಕ್ಕೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕ್ಕೊಂಡು' ಎಂದರು.

ಮೊದಲ ವಾರ ಬೈಕನ್ನು ಬರೀ ತಳ್ಳಿಸಿದರು. ಎರಡನೆಯ ವಾರ ಬೀಳಿಸಿದರು. ನಿಜವಾಗಿ! ಬೈಕನ್ನು ಮಲಗಿಸಿ, 'ಎಬ್ಬಿಸಿ ನೋಡೋಣ. ದಾರೀಲಿ ಬಿದ್ರೆ ಯಾರನ್ನ ಕರೀತೀರಿ?' ಎಂದರು. ಎದುರು ನಿಂತು ಎಳೆದರೆ ಸೊಂಟ ಮುರಿಯುವುದೇ ಹೊರತು ಅದು ಏಳುವುದಿಲ್ಲ. ಅದಕ್ಕೆ ಬೆನ್ನು ಕೊಟ್ಟು, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹೆಜ್ಜೆ ಹಿಂದಿಡುತ್ತ ತಳ್ಳಬೇಕು. ಇಪ್ಪತ್ತೆರಡನೆಯ ಸಲಕ್ಕೆ ಎದ್ದಿತು. ನನಗೆ ಅಲ್ಲೇ ಅಳು ಬಂತು. ಮಾಮ ಆ ಕಡೆ ತಿರುಗಿ ನಿಂತರು.

ಕ್ಲಚ್ಚಿನದು ಇನ್ನೊಂದು ಪುರಾಣ. ಬಿಟ್ಟರೆ ಕಪ್ಪೆಯ ಹಾಗೆ ಎಗರುತ್ತಿತ್ತು, ಇಲ್ಲ ಕೆಮ್ಮಿ ನಿಲ್ಲುತ್ತಿತ್ತು. 'ಕೋಪ ಬಿಟ್ಟ ಹಾಗೆ ಒಂದೇ ಸಲ ಬಿಡ್ಬಾರ್ದಮ್ಮ. ನಿಧಾನ. ಹಿಟ್ಟಿಗೆ ನೀರು ಹಾಕ್ತೀರಲ್ಲ, ಹಾಗೆ' ಎಂದರು. ಅಲ್ಲಿಂದ ಅರ್ಥವಾಯಿತು. ಲೈಸೆನ್ಸಿನ ಪರೀಕ್ಷೆಗೆ ಹೋದಾಗ ಅಲ್ಲಿನ ಅಧಿಕಾರಿ ನನ್ನ ಅರ್ಜಿ ನೋಡಿ, 'ಮಗನ್ನ ಕರ್ಕೊಂಡು ಬಂದಿದೀರಾ? ಅವನೆಲ್ಲಿ?' ಎಂದರು. 'ಪರೀಕ್ಷೆ ನನಗೇ ಸ್ವಾಮಿ' ಎಂದೆ. ಅವರು ಕನ್ನಡಕ ಏರಿಸಿದರು, ಇಳಿಸಿದರು. ಎಂಟರ ಆಕಾರದಲ್ಲಿ ಓಡಿಸಿ ಎಂದರು. ಓಡಿಸಿದೆ, ನೆಲಕ್ಕೆ ಕಾಲು ತಾಗಲಿಲ್ಲ. 'ನಮ್ಮ ಮನೆಯವಳಿಗೆ ಹೇಳ್ಬೇಡಿ ಇದನ್ನ' ಎಂದು ಸಹಿ ಹಾಕಿದರು.

ನಮ್ಮ ಮನೆಯವರು ಮೊದಲು ಹೌಹಾರಿದರು. ಮೂರನೆಯ ದಿನ ಒಂದು ಹೆಲ್ಮೆಟ್ಟು ತಂದು ಮೇಜಿನ ಮೇಲಿಟ್ಟು, 'ನೀನು ಹಟ ಹಿಡಿದ್ರೆ ಬಿಡೋಳಲ್ಲ, ತಲೆಯಾದ್ರೂ ನೆಟ್ಟಗಿರ್ಲಿ' ಎಂದರು. ಒಂದು ಸೈಜು ದೊಡ್ಡದು. ಒಳಗೆ ಸ್ಪಂಜು ಅಂಟಿಸಿಕೊಂಡಿದ್ದೇನೆ.

ದಾರಿಯನ್ನು ನಾನು ಹುಡುಕಲಿಲ್ಲ ಗುಂಗುರಿ, ಹುಡುಗಿಯರೇ ಬರೆದಿಟ್ಟಿದ್ದರು. ಇನ್ನೂರು ಪುಟದ ನೋಟುಬುಕ್ಕು, ಮುಕ್ಕಾಲು ಪಾಲು ನಿನ್ನವಳ ಕೈಬರಹ. ಯಾವ ಪೆಟ್ರೋಲ್ ಬಂಕು ಎಷ್ಟು ದೂರಕ್ಕೆ, ಎಲ್ಲಿ ಹೆಂಗಸರ ಶೌಚಾಲಯವಿದೆ, ಅದಕ್ಕೆ ಒಳಗಿನಿಂದ ಚಿಲಕವಿದೆಯೇ ಎಂಬುದನ್ನು ಕೂಡ ಫೋನು ಮಾಡಿ ವಿಚಾರಿಸಿದ್ದಾಳೆ ಹುಡುಗಿ. ಇಬ್ಬರೇ ಹುಡುಗಿಯರು ಬಂದರೆ ಕೋಣೆ ಕೊಡುತ್ತೀರಾ ಎಂದು ಒಂಬತ್ತು ವಸತಿಗೃಹಗಳಲ್ಲಿ ಕೇಳಿದ್ದಾಳೆ. ಹೌದು ಎಂದವರ ಮುಂದೆ ನಗುವ ಮುಖ, 'ಜೊತೆಗೆ ಗಂಡಸರು ಯಾರಿದಾರೆ?' ಎಂದವರ ಮುಂದೆ ಎರಡು ಕೊಂಬು. ಮೂರನೆಯ ದಿನದ ಪುಟದಲ್ಲಿ ಹೆಚ್ಚೇನಿಲ್ಲ. 'ಮಾವನ ಮನೆ. ಶೂ ಬಿಚ್ಚುವ ಮೊದಲೇ ಅಮ್ಮನಿಗೆ ಫೋನು' ಎಂದಷ್ಟೇ ಇದೆ. ಆ ಪುಟವನ್ನು ನಿನಗೆ ಕಳಿಸಬೇಕೋ ಬೇಡವೋ ತಿಳಿಯಲಿಲ್ಲ. ನೋಟುಬುಕ್ಕು ನಿನ್ನದು, ತಲುಪಿಸುತ್ತೇನೆ.

ಅವರು ಎರಡು ರಾತ್ರಿ ತಂಗುವ ಲೆಕ್ಕ ಹಾಕಿದ್ದರು, ನಾನೂ ಅಷ್ಟೇ. ಮೊದಲ ದಿನ ಇನ್ನೂರ ಹತ್ತು ಕಿಲೋಮೀಟರ್. ಅರವತ್ತಕ್ಕೊಮ್ಮೆ ಇಳಿದು ಮಂಡಿ ಮಡಚಿ ಬಿಡಿಸಬೇಕು. ಕತ್ತಲಾಗುವ ಮೊದಲೇ ಕೋಣೆ ಸೇರಬೇಕು. ಪಂಕ್ಚರ್ ಹಾಕುವುದನ್ನೂ ಚೈನು ಬಿಗಿ ಮಾಡುವುದನ್ನೂ ಕಲಿತಿದ್ದೇನೆ. ಹಲ್ಲು ಕೂರಿಸುವ ಕೈಗೆ ಸ್ಪಾರ್ಕ್ ಪ್ಲಗ್ಗು ಯಾವ ಲೆಕ್ಕ? ಮಾರ್ಚ್ ಏಳು, ಶುಕ್ರವಾರ ಹೊರಡುವುದು ಎಂದುಕೊಂಡಿದ್ದೇನೆ.

ಹೋದ ಭಾನುವಾರ ಮೊದಲ ಸಲ ಊರು ದಾಟಿ ತೊಂಬತ್ತು ಕಿಲೋಮೀಟರ್ ಒಬ್ಬಳೇ ಹೋಗಿಬಂದೆ. ಲಾರಿ ಪಕ್ಕದಲ್ಲಿ ಹೋದಾಗ ಗಾಳಿ ಹಿಡಿದು ಎಳೆದ ಹಾಗಾಗುತ್ತದೆ, ಜೀವ ಬಾಯಿಗೆ ಬರುತ್ತದೆ. ಆದರೆ ಅದು ಹೋದಮೇಲೆ ಖಾಲಿ ರಸ್ತೆ, ಎರಡೂ ಕಡೆ ಬಯಲು, ಎಂಜಿನ್ನಿನ ಒಂದೇ ಸಮನಾದ ಸದ್ದು. ಚಹಾ ಅಂಗಡಿಯ ಹೆಂಗಸು 'ಒಬ್ರೇನಾ?' ಎಂದಳು. 'ಒಬ್ಳೇ' ಎಂದೆ. 'ಭಯ ಆಗಲ್ವಾ?' 'ಆಗತ್ತೆ.' ಅವಳು ಬೈಕಿನ ಸೀಟನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಹೋದಳು.

ಹಿಂದಿರುಗುವಾಗ ಅತ್ತುಬಿಟ್ಟೆ. ಹೆಲ್ಮೆಟ್ಟಿನೊಳಗೆ ಅಳುವುದು ಬಹಳ ಕಷ್ಟ ಕಣೇ. ಕನ್ನಡಕ ಮಂಜಾಗುತ್ತದೆ, ಒರೆಸೋಣವೆಂದರೆ ಕೈ ಒಳಗೆ ಹೋಗುವುದಿಲ್ಲ. ರಸ್ತೆ ಬದಿಗೆ ನಿಲ್ಲಿಸಿಕೊಂಡು ಅತ್ತೆ. ಇದರಲ್ಲಿ ಇಷ್ಟೊಂದು ಸುಖ ಇರುತ್ತದೆ ಎಂದು ಗೊತ್ತಿರಲಿಲ್ಲ. ಆ ಮಕ್ಕಳಿಗೆ ಇದು ಗೊತ್ತಿತ್ತು, ನನಗೆ ಹೇಳಲು ಎಷ್ಟು ಸಲ ನೋಡಿದರು. ನಾನು ಕೇಳಿಸಿಕೊಳ್ಳಲಿಲ್ಲ.

ನಿನ್ನ ಊಟ ಸರಿಯಾಗಿದೆಯೇ? ಬೆಳಗಿನ ಮಾತ್ರೆ ತಪ್ಪಿಸಬೇಡ. ಅಣ್ಣನವರಿಗೆ ನಮಸ್ಕಾರ ತಿಳಿಸು. ನಿನಗಿಂತ ಎರಡೇ ತಿಂಗಳಿಗೆ ದೊಡ್ಡವಳಾದರೂ ದೊಡ್ಡವಳೇ ಅಲ್ಲವೇ, ಆ ಹಕ್ಕಿನಿಂದ ಹರಸುತ್ತೇನೆ: ನಿನ್ನ ಕಣ್ಣಿಗೆ ನಿದ್ದೆ ಬರಲಿ, ಬೆಳಿಗ್ಗೆ ಎದ್ದಾಗ ಎದೆ ಒಂದಿಷ್ಟಾದರೂ ಹಗುರವಿರಲಿ.

ನಿನ್ನ,
ಮೊಂಡಿ

ತಾ.ಕ.: ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಏಳು ವಾರ ಪೆನ್ನು ನಿಂತದ್ದು ಇದಕ್ಕೇ. ನಿನ್ನ ಪತ್ರದಲ್ಲಿ ಹೀಗೆ ಬರೆದಿದ್ದೆ: 'ಯಾರ ಮೇಲೂ ನನಗೆ ಸಿಟ್ಟಿಲ್ಲ ಕಣೇ. ಆ ವಾರ ಬೈಕು ಕೆಡದೇ ಇದ್ದಿದ್ದರೆ ಎಂದು ಮಾತ್ರ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಯಂತ್ರದ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಳ್ಳಲಿ?'

ಬೈಕು ಕೆಟ್ಟಿರಲಿಲ್ಲ.

ಅವರು ಶುಕ್ರವಾರ ಹೊರಡುವವರಿದ್ದರು. ಮಂಗಳವಾರ ಮಧ್ಯಾಹ್ನ ನಾನು ಕೆಲಸದಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಗ್ಯಾರೇಜಿಗೆ ಹೋದೆ. ಬೈಕನ್ನು ಸರ್ವೀಸ್ ಮಾಡಿ ತೊಳೆದು ನಿಲ್ಲಿಸಿದ್ದರು. 'ಎಂಜಿನ್ ಹಿಡ್ಕೊಂಡಿದೆ, ಸಾಮಾನು ಬರೋಕೆ ಎರಡು ವಾರ ಬೇಕು ಅಂತ ಮಕ್ಕಳಿಗೆ ಹೇಳಿ' ಎಂದೆ. 'ಗಾಡಿ ಗುಂಡುಕಲ್ಲಿನ ಹಾಗಿದೆ, ಹೇಗಮ್ಮಾ ಸುಳ್ಳು ಹೇಳ್ಲಿ?' ಎಂದರು ಮಾಮ. ನಾನು ಬಿಡಲಿಲ್ಲ. ಕಣ್ಣೀರು ಹಾಕಿದೆ. 'ಒಂದು ಸುಳ್ಳಿಂದ ಎರಡು ಜೀವ ಉಳಿಯತ್ತೆ ಅಂದ್ಕೊಳ್ಳಿ' ಎಂದೆ. ಹೌದು, ಇದೇ ನಾಲಿಗೆಯಲ್ಲಿ ಅಂದೆ.

ಭಯಕ್ಕೆ ಹಾಗೆ ಮಾಡಿದೆ ಎಂದು ಬರೆದರೆ ಅದು ಅರ್ಧ ನಿಜ. ನನ್ನ ಮಗಳು ನನ್ನನ್ನು ಕೇಳುವ ಮೊದಲು ನಿನ್ನನ್ನು ಕೇಳಿದ್ದಳು. ನಾನು ಬೇಡ ಎಂದಾಗ 'ನಿನಗಿಂತ ಆ ಅಮ್ಮನೇ ವಾಸಿ' ಎಂದಳು. ಆ ಮಾತು ಮನಸ್ಸಿನಲ್ಲಿ ನೆಟ್ಟುಹೋಯಿತು. ನಿನ್ನ ಮುಂದೆ ನಾನು ಗೆಲ್ಲಬೇಕಿತ್ತು, ಅಷ್ಟೇ. ಬಸ್ಸಿನ ಟಿಕೆಟ್ಟು ತಂದವಳು ನಾನು. ಹಿಂದೆ ಕುಲುಕಾಟ ಜಾಸ್ತಿ ಎಂದು ಮುಂದಿನ ಸೀಟು ಹಿಡಿದವಳೂ ನಾನೇ. ಕಿಟಕಿಯಿಂದ ನಿನ್ನ ಚಿನಕುರುಳಿ, 'ದೊಡ್ಡಮ್ಮಾ, ಬೈಕ್ ಹುಷಾರಾಗ್ಲಿ, ಮೊದಲ್ನೇ ರೌಂಡು ನಿಮ್ಮನ್ನೇ ಕೂರಿಸ್ಕೊಂಡು ಹೋಗ್ತೀನಿ' ಎಂದು ಕೂಗಿದಳು. ನಾನು ಕೈ ಬೀಸಿದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು 'ನಿನ್ನವಳಾದ್ರೂ ಉಳಿದಳಲ್ಲ, ಅಳಬೇಡ್ವೇ' ಎಂದೆ. ಮಗಳನ್ನು ಕಳೆದುಕೊಂಡವಳು ನನಗೆ ಸಮಾಧಾನ ಹೇಳಿದಳು, ನಾನು ಹೇಳಿಸಿಕೊಂಡೆ.

ಮಾಮನಿಗೂ ನನಗೂ ಬಿಟ್ಟರೆ ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕಿ, ನನ್ನ ಮಗಳಿಗೂ ನಮ್ಮ ಮನೆಯವರಿಗೂ ಹೇಳುತ್ತೇನೆ.

ನಿನ್ನ ಎದುರು ಕೂತು ಹೇಳಬೇಕೆಂದೇ ಬೈಕು ಕಲಿತದ್ದು. ಆದರೆ ಏನೂ ತಿಳಿಯದೆ ನೀನು ಬಾಗಿಲು ತೆಗೆದು ನನ್ನನ್ನು ತಬ್ಬಿಕೊಂಡುಬಿಟ್ಟರೆ ಅದು ಇನ್ನೊಂದು ಮೋಸವಾಗುತ್ತದೆ. ಅದಕ್ಕೇ ಈಗಲೇ ಬರೆದೆ. ಏಳನೆಯ ತಾರೀಕಿಗೆ ಇನ್ನೂ ದಿನಗಳಿವೆ. ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಬರುವುದಿಲ್ಲ. ಏನೂ ಬರೆಯದಿದ್ದರೆ, ಅದನ್ನೂ ನಿನ್ನ ಕೈಬರಹದ 'ಬೇಡ' ಎಂದೇ ಓದಿಕೊಳ್ಳುತ್ತೇನೆ.