ನಂಬರ್ 27ರ ಗುಣಲಕ್ಷಣಗಳು

ಮಾರ್ಚ್ 4, ಸೋಮವಾರ

ಏಳಕ್ಕೆ ನರ್ಸ್ ಬಂದರು. ಹಾಸಿಗೆ ಹಿಡಿದ ಇವರ ಮಾತ್ರೆ, ಮೈ ಒರೆಸುವುದು, ಹಾಸಿಗೆಯ ಬಟ್ಟೆ. ಮಗಳು ಹಿತಾ ತಿಂಡಿ ತಿನ್ನದೆ ಸ್ಕೂಲಿಗೆ ಓಡಿದಳು. ಎಂಟೂವರೆಗೆ ಸೈಕಲ್ ಹತ್ತಿದೆ. ಎದುರುಗಾಳಿ. ಹಾಲೆಂಡಿನ ಈ ವಾಗೆನಿಂಗನ್‌ನಲ್ಲಿ ಯಾವ ದಿಕ್ಕಿಗೆ ಹೋದರೂ ಎದುರುಗಾಳಿಯೇ.

ನಾನು ಕೆಲಸ ಮಾಡುವ, ಹೊಸ ತಳಿಗಳ ಟ್ರಯಲ್ ತೋಟದಲ್ಲಿ ನಂಬರ್ 27ರ ಸಾಲು ನೋಡಿದೆ. ನಲವತ್ತು ಗಿಡ. ಹದಿನೇಳು ವರ್ಷದ ಹಿಂದೆ ಇವರೇ ಸಂಕರ ಮಾಡಿದ ಬ್ಲ್ಯಾಕ್ ಕರಂಟ್, ಕಪ್ಪು ಹುಳಿಹಣ್ಣಿನ ಪೊದೆ. ಮೊಗ್ಗಿನೊಳಗೆ ಸೇರಿ ಗಿಡ ಕೆಡಿಸುವ ನುಸಿ ಹತ್ತುವುದಿಲ್ಲ ಎನ್ನುವುದೇ ಅದರ ದೊಡ್ಡ ಗುಣ. ಜೂನ್ 12ಕ್ಕೆ ಬೆಳೆಗಾರರ ದಿನ, ಅಂದೇ ಅವರು ಗಿಡಕ್ಕೆ ಆರ್ಡರ್ ಕೊಡುವುದು. ಅಷ್ಟರಲ್ಲಿ ತಳಿಯ ಗುಣಲಕ್ಷಣಗಳ ಹಾಳೆ ನಾನು ಬರೆದು ಕೊಡಬೇಕು. ಮೇಲಿನ ಸಾಲು ಈಗಲೇ ತುಂಬಿಟ್ಟಿದ್ದೇನೆ — ತಳಿ ರೂಪಿಸಿದವರು: ಅನಂತರಾಮ.

ಏಳನೇ ಗಿಡದಲ್ಲಿ ಮೂರು ಮೊಗ್ಗು. ಚೂಪಾಗಿರಬೇಕಾದವು ಬಟಾಣಿಯಂತೆ ದುಂಡಗೆ ಊದಿವೆ.

ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ. ಫೀಲ್ಡ್ ಬುಕ್‌ನಲ್ಲಿ ಬರೆಯಲಿಲ್ಲ.

ಸಂಜೆ ಇವರು ಕೇಳಿದ್ದು ಅದೊಂದನ್ನೇ. "ಸಾಲು ಹೇಗಿದೆ?"

"ಚೆನ್ನಾಗಿದೆ ರೀ. ಕ್ಲೀನ್."

ಮಾರ್ಚ್ 6

ಮೈಕ್ರೋಸ್ಕೋಪ್ ಕೆಳಗೆ ಮೊಗ್ಗು ಸೀಳಿದೆ. ನುಸಿ. ನೂರಾರು. ಸುರಿದ ಉಪ್ಪು ಅಲುಗಾಡಿದ ಹಾಗೆ.

ಮಧ್ಯಾಹ್ನ ಮತ್ತೆ ಸಾಲಿಗೆ ಹೋದೆ. ಒಂಬತ್ತು ಗಿಡಕ್ಕೆ ಹತ್ತಿದೆ.

ನಾಲ್ಕಕ್ಕೆ ಡಾಕ್ಟರ್ ಮನೆಗೆ ಬಂದಿದ್ದರು. ಹೊರಡುವಾಗ ಬಾಗಿಲ ಹತ್ತಿರ "ಬೇಸಿಗೆಯವರೆಗೆ" ಎಂದರು. ಬೇಸಿಗೆಯ ಶುರುವೋ ಕೊನೆಯೋ... ಕೇಳಲಿಲ್ಲ.

ಏಪ್ರಿಲ್ 11

ಬೆಟುವೆ ಕಡೆಯ ಬೆಳೆಗಾರ ವಿಲ್ಲೆಮ್ ಇವರನ್ನು ನೋಡಲು ಬಂದಿದ್ದರು. ಸೇಬಿನ ಕೇಕ್ ತಂದಿದ್ದರು. ಇವರು ತಿನ್ನಲಾಗದಿದ್ದರೂ ಒಂದು ಚೂರು ಬಾಯಿಗಿಟ್ಟುಕೊಂಡರು.

ವಿಲ್ಲೆಮ್ ಹಳೆಯ ಗಿಡಗಳನ್ನೆಲ್ಲ ಕಿತ್ತು ಆರು ಹೆಕ್ಟೇರಿಗೂ 27 ಹಾಕುತ್ತಾರಂತೆ. ಒಮ್ಮೆ ನುಸಿಯಿಂದ ತೋಟಕ್ಕೆ ತೋಟವೇ ಕಳೆದುಕೊಂಡ ಮನುಷ್ಯ. "ನಿನ್ನ ಗಿಡ ನನ್ನ ಮಗಳ ಕಾಲಕ್ಕೂ ಇರುತ್ತೆ, ಅನಂತ್" ಎಂದರು. ಎಷ್ಟೋ ವಾರದ ಮೇಲೆ ಇವರು ದಿಂಬಿಗೊರಗಿ ಎದ್ದು ಕೂತರು. ಒಂದು ಗಂಟೆ ಮಾತಾಡಿದರು.

ನಾನು ಕಾಫಿ ಮಾಡಿದೆ. ಮತ್ತೆ ಮಾಡಿದೆ. ಆ ರೂಮಿನಲ್ಲಿ ಕೂರಲಾಗಲಿಲ್ಲ.

ಏಪ್ರಿಲ್ 30

ಹೂ ಬಂದಿದೆ. ನುಸಿ ಹೊತ್ತು ತಂದ ವೈರಸ್ಸೂ ಹೂವಿನಲ್ಲಿ ಕಾಣುತ್ತಿದೆ. ಆರೋಗ್ಯದ ಹೂವಿಗೆ ಮಾಸಲು ಬಣ್ಣ, ಮೇಲೆ ನವಿರು ರೋಮ. ರೋಗದ ಹೂ ನುಣ್ಣಗೆ, ಗಾಢ ಬಣ್ಣ. ಇಡೀ ಸಾಲಿನಲ್ಲಿ ಚಂದ ಕಾಣುವುದು ಅವೇ. ಒಂದೂ ಕಾಯಿ ಕಟ್ಟುವುದಿಲ್ಲ.

ಈಗ ಹತ್ತೊಂಬತ್ತು ಗಿಡ.

ಬೆಳಿಗ್ಗೆ ಇವರು ಕೇಳಿದ್ದರು — "ನಾಳೆ ಒಂದು ಟೊಂಗೆ ತಗೊಂಡ್ಬಾ. ಹೂ ಇರೋದು."

ಮೇ 1

27ರ ಯಾವ ಟೊಂಗೆಯನ್ನೂ ಕತ್ತರಿಸಲಿಲ್ಲ. ಇವರ ಕಣ್ಣಿಗೆ ಏನು ಬಿದ್ದೀತೋ ಎಂದು. ಪಕ್ಕದ ಸಾಲಿನ ಹಳೆಯ ತಳಿಯದನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ.

ಎಲೆ ಉಜ್ಜಿ ಮೂಸಿದರು. ಹೂವಿನ ತೊಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು.

"ಇದು ನಂದಲ್ಲ."

ಒದ್ದೆ ಬಟ್ಟೆಯನ್ನು ಮಡಿಸತೊಡಗಿದೆ.

"ನನ್ನ ಗಿಡದ ತೊಟ್ಟು ಹಸಿರು, ಪ್ರಭಾ. ಇದು ಕೆಂಪು. ಯಾಕೆ ಬೇರೆ ತಂದೆ?"

ಅವರೇ ಕೇಳಿದರು — "ನುಸಿನಾ?"

"ಹೂಂ."

"ಎಷ್ಟು ಗಿಡ?"

"ಹತ್ತೊಂಬತ್ತು."

ಟೊಂಗೆಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಬರೀಬೇಡ. ನಾನು ಹೋಗೋವರೆಗೂ ಬರೀಬೇಡ. ಆಮೇಲೆ ಏನಾದ್ರೂ ಮಾಡ್ಕೋ."

"ವಿಲ್ಲೆಮ್ ಗಿಡಕ್ಕೆ ಆರ್ಡರ್ ಕೊಟ್ಬಿಡ್ತಾರೆ ರೀ."

"ಅವನಿಗೆ ಟೈಮ್ ಇದೆ. ನಂಗಿಲ್ಲ."

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಇವರು ನನ್ನ ಹತ್ತಿರ ಏನನ್ನೂ ಹೀಗೆ ಬೇಡಿದ್ದಿಲ್ಲ.

ಮೇ 27, ಸೋಮವಾರ

ಹಾಳೆ ಕಳಿಸಲು ಕೊನೆಯ ದಿನ. ಬರೆದೆ.

ಪೊದೆ: ನೇರ. ಯಂತ್ರದ ಕೊಯ್ಲಿಗೆ ಒಗ್ಗುತ್ತದೆ. ಹೂ: ತಡ, ವಸಂತದ ಹಿಮ ತಟ್ಟುವುದು ಕಡಿಮೆ. ಗೊಂಚಲು: ಮಧ್ಯಮ. ಹಣ್ಣು: ದೊಡ್ಡದು, ಸಿಪ್ಪೆ ಗಟ್ಟಿ. ರುಚಿ: ಹುಳಿ ಮುಂದು, ಸಿಹಿ ಹಿಂದು. ಮೊಗ್ಗಿನ ನುಸಿ: ತಡೆಯುವುದಿಲ್ಲ. ಶಿಫಾರಸು: ಇಲ್ಲ.

'ಇಲ್ಲ' ಎಂದು ಟೈಪ್ ಮಾಡಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಸೆಂಡ್ ಒತ್ತಿದೆ. ವಿಲ್ಲೆಮ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಅತ್ತ ಕಡೆ ಟ್ರ್ಯಾಕ್ಟರ್ ಆಫ್ ಆದ ಸದ್ದು. ಆಮೇಲೆ, "ಡಾಂಕ್ ಯೆ, ಪ್ರಭಾ" — ಥ್ಯಾಂಕ್ಸ್ ಎಂದಷ್ಟೇ.

ಮನೆಗೆ ಬಂದು ಹೇಳಿದೆ. "ಕಳಿಸ್ದೆ ರೀ."

ಮುಖ ಗೋಡೆಯ ಕಡೆ ತಿರುಗಿಸಿದರು. ಮೊಸರನ್ನ ನನ್ನ ಕೈಯಿಂದ ತಿನ್ನಲಿಲ್ಲ. ಹಿತಾ ತಿನ್ನಿಸಿದಳು.

ಜೂನ್ 3

ಏಳು ದಿನ. ನನ್ನ ಜೊತೆ ಒಂದು ಮಾತಿಲ್ಲ. ನರ್ಸ್ ಜೊತೆ ಆಡುತ್ತಾರೆ, ಮಗಳ ಜೊತೆ ಆಡುತ್ತಾರೆ. ನಾನು ಒಳಗೆ ಹೋದರೆ ಕಣ್ಣು ಮುಚ್ಚುತ್ತಾರೆ.

"ವಾಟ್ ಡಿಡ್ ಯೂ ಡೂ, ಅಮ್ಮ?" ಎಂದಳು ಹಿತಾ. ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಟೂ ವೀಕ್ಸ್, ಅಮ್ಮ. ಯೂ ಕುಡ್ ಹ್ಯಾವ್ ವೇಟೆಡ್."

ಎರಡು ವಾರ ಕಾಯಬಹುದಿತ್ತೇ? ವಿಲ್ಲೆಮ್ ಆರ್ಡರ್ ಮಾಡಿದ ಮೇಲೆ ಬಾಯಿಬಿಡಬಹುದಿತ್ತೇ? ದಿನವಿಡೀ ಇದೇ. ಉತ್ತರ ಪ್ರತಿಸಲವೂ ಒಂದೇ. ಆದರೂ ಸಮಾಧಾನವಿಲ್ಲ.

ಜೂನ್ 9, ಭಾನುವಾರ

ಇವರು ಹಾಳೆ ಓದು ಎಂದು ಹಿತಾಗೆ ಹೇಳಿದರು. ಅವಳು ಡಚ್‌ನಲ್ಲಿ ಓದಿದಳು. ನಾನು ಅಡುಗೆಮನೆಯಲ್ಲಿ, ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಕೊನೆಯ ಸಾಲಿಗೆ ಬಂದು ನಿಂತಳು.

"ಓದು."

ಓದಿದಳು.

ಆಮೇಲೆ ಇವರ ದನಿ. ತೀರ ಸಣ್ಣಗೆ. "ಗೊಂಚಲು ಮಧ್ಯಮ ಅಂತ ಬರೆದಿದಾಳಾ? ತಪ್ಪು. ಉದ್ದ. ಅಮ್ಮಂಗೆ ಅಳೆಯೋಕೆ ಹೇಳು."

ಅಷ್ಟೇ. ನುಸಿಯ ಬಗ್ಗೆ ಒಂದಕ್ಷರವಿಲ್ಲ.

ಹದಿಮೂರು ದಿನದ ಮೇಲೆ ನನ್ನ ಮಾತೆತ್ತಿದ್ದು ಅದು. ಒಳಗೆ ಹೋದೆ. ಆಗಲೇ ಮಂಪರು. ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ... ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲವೋ ಏನೋ.

ಜೂನ್ 14

ಬೆಳಿಗ್ಗೆ 9:40. ಹೋದರು.

ಹಿತಾ ತಲೆಯ ಹತ್ತಿರ ಇದ್ದಳು. ನಾನು ಕಾಲ ಹತ್ತಿರ.

ಜುಲೈ 10, ಬುಧವಾರ. ತೋಟದಲ್ಲೇ, ಬೆಳಿಗ್ಗೆ 8

27ರ ಸಾಲನ್ನು ಇವತ್ತು ಕಿತ್ತು ಸುಡುತ್ತಾರೆ. ಹಣ್ಣಾಗುವವರೆಗೆ ಬಿಡಿ ಎಂದು ನಾನೇ ಕೇಳಿಕೊಂಡಿದ್ದೆ.

ಸತ್ಯ ಬರೆದಿಡುತ್ತೇನೆ. ಗೊಂಚಲನ್ನು ನಾನು ಅಳೆದಿರಲಿಲ್ಲ. ಕಣ್ಣಂದಾಜಿನಲ್ಲಿ 'ಮಧ್ಯಮ' ಎಂದು ಹಾಕಿದ್ದೆ. ನುಸಿಯ ಲೆಕ್ಕವನ್ನು ಮೂರು ಸಲ ಎಣಿಸಿದವಳು ಗೊಂಚಲಿಗೆ ಸ್ಕೇಲ್ ಹಿಡಿದಿರಲಿಲ್ಲ. ಇವರ ಗಿಡಕ್ಕೆ ಅದೊಂದು ಅನ್ಯಾಯ ಮಾಡಿದೆ.

ಈಗ ತಿದ್ದಿದರೂ ಯಾರೂ ಓದುವುದಿಲ್ಲ. ಆದರೂ ಕ್ರೇಟ್ ಬೋರಲು ಹಾಕಿ ಕೂತಿದ್ದೇನೆ. ಆರೋಗ್ಯದ ಗಿಡದಿಂದ ಐವತ್ತು ಗೊಂಚಲು. ಸೆಂಟಿಮೀಟರಿನಲ್ಲಿ.

11. 10.5. 12. 11. 11.5...

ಟ್ರ್ಯಾಕ್ಟರ್ ಗೇಟಿನ ಹತ್ತಿರ ಬಂತು. ಕೈಯೆತ್ತಿ ನಿಲ್ಲಿಸಿದೆ. ಹತ್ತು ನಿಮಿಷ ಕೊಡಿ ಎಂದೆ.

ಮೂವತ್ತೆಂಟು — 12. ಮೂವತ್ತೊಂಬತ್ತು — 11. ಉದ್ದವೇ ರೀ. ನೀವು ಹೇಳಿದ್ದೇ ಸರಿ. ನಲವತ್ತು —