ಅಮ್ಮನ ಹೆಪ್ಪು

ಸ್ಮೋಲ್ಯಾನ್
ಮೇ ೧೪, ೧೯೯೩

ಪ್ರೀತಿಯ ತಂಗಿ ಸ್ನೆಜಿನಾ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತವಳು ನಾನು, ಬೈಯುವುದಿದ್ದರೆ ಬೈದುಬಿಡು. ಬೆಟ್ಟದ ಮೇಲಿನ ಹಿಮ ಕರಗಿದೆ, ಅಮ್ಮ ಕಿಟಕಿಯ ಬಳಿ ಬಿಸಿಲಿಗೆ ಕೂತು ಹಾಡುತ್ತಾಳೆ. ನನ್ನ ಹೆಸರು ಮಾತ್ರ ಅವಳ ಬಾಯಿಗೆ ಬರುವುದಿಲ್ಲ.

ಕಳೆದ ತಿಂಗಳು ಶಾಲೆಯಲ್ಲಿ ಜೀವಕೋಶದ ಪಾಠ ಮಾಡಿದೆ. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಈರುಳ್ಳಿಯ ಪೊರೆ: ಗೋಡೆ ಕಟ್ಟಿಕೊಂಡ ಕೋಣೆಗಳ ಸಾಲು. ಆಮೇಲೆ ನನ್ನದೇ ಕೆನ್ನೆಯ ಒಳಗಿಂದ ಕೆರೆದದ್ದು: ಗೋಡೆಯಿಲ್ಲ, ತೆಳುವಾದ ಪೊರೆಯಷ್ಟೇ. ಎರಡರಲ್ಲೂ ಕೋಶಕೇಂದ್ರ ದುಂಡಗೆ ಕಾಣುತ್ತಿತ್ತು. ಕೊನೆಗೆ ನಮ್ಮ ಮನೆಯ ಮೊಸರಿನ ಒಂದು ಹನಿ ಇಟ್ಟೆ. ಪುಟ್ಟ ಕಡ್ಡಿಗಳು, ಮಣಿಸರಗಳು.

"ಟೀಚರ್, ಇವುಗಳ ಒಳಗೆ ಏನೂ ಕಾಣ್ತಾನೇ ಇಲ್ವಲ್ಲ!" ಎಂದಳು ಝಿವ್ಕಾ ಎಂಬ ತುಂಟಿ.

"ಬ್ಯಾಕ್ಟೀರಿಯಾ ಕಣೇ. ಕೇಂದ್ರ ಅಂತ ಬೇರೆ ಕೋಣೆ ಇಲ್ಲ. ವಂಶದ ಸರಕೆಲ್ಲ ಹಾಗೇ ಬಯಲಲ್ಲಿ ಬಿದ್ದಿರುತ್ತೆ."

"ನಮ್ಮಣ್ಣನ ರೂಮಿನ ಥರ! ಹೌದೂ, ಇದ್ರಲ್ಲಿ ಅಮ್ಮ ಯಾರು, ಮಗಳು ಯಾರು?"

"ಒಂದು ಸೀಳಿ ಎರಡಾಗುತ್ತೆ. ಅಮ್ಮ ಅಂತ ಬೇರೆ ಉಳಿಯಲ್ಲ."

ಹಾಗೆಂದವಳು ಅಲ್ಲೇ ಕಣ್ಣಿಟ್ಟು ಕನಸಿಗೆ ಜಾರಿದೆ. ಅಜ್ಜಿ ಹೆಪ್ಪು ಹಾಕಿದ ಕಡ್ಡಿಗಳೇ ಎರಡಾಗಿ, ನಾಲ್ಕಾಗಿ, ನಮ್ಮ ಮಡಕೆಯಲ್ಲಿ ಇಂದಿಗೂ ತೇಲುತ್ತಿವೆ ಅನ್ನಿಸಿತು. ಅಮ್ಮನ ಮಿದುಳಿನ ಕೋಶಗಳಿಗೆ ಆ ಭಾಗ್ಯವಿಲ್ಲ. ಕೇಂದ್ರವಿದೆ, ಉದ್ದುದ್ದ ಕೊಂಬೆಗಳಿವೆ. ಆದರೆ ಹೋದದ್ದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮಕ್ಕಳ ಎದುರೇ ಕಣ್ಣು ತುಂಬಿ ಬಂತು.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಸಮುದ್ರದ ಗಾಳಿ ನಿಮ್ಮನ್ನೆಲ್ಲ ಆರೋಗ್ಯವಾಗಿಟ್ಟಿರಲಿ.

ನಿನ್ನ ಅಕ್ಕ,
ಯೋರ್ದಾಂಕಾ

ಇನ್ನೊಂದು ಮಾತು, ಹೇಳದೆ ಇರಲಾರೆ. ಕಳೆದ ವಾರ, ಸಂತ ಗೆಯೋರ್ಗಿಯ ಹಬ್ಬದ ದಿನ, ಹೊಸ ಹಾಲು ಕಾಯಿಸಿ, ಅಮ್ಮ ಕಲಿಸಿದ ಹಾಗೆ ಕಿರುಬೆರಳು ಅದ್ದಿ ಎಣಿಸುತ್ತಿದ್ದೆ. ಹತ್ತರವರೆಗೆ ಬೆರಳು ತಡೆದರೆ ಹೆಪ್ಪು ಹಾಕಬಹುದು. ನಾಲ್ಕಕ್ಕೆ ಬಂದಾಗ ಅಮ್ಮ ಕೇಳಿದಳು, "ನೀನು ಯಾರ ಮನೆ ಹುಡುಗಿಯಮ್ಮಾ?" ಎಣಿಕೆ ತಪ್ಪಿತು. ಇದ್ದ ಹೆಪ್ಪನ್ನೆಲ್ಲ ಸುಡುವ ಹಾಲಿಗೇ ಸುರಿದುಬಿಟ್ಟೆ. ಹಾಲು ಹಾಲಾಗಿಯೇ ಉಳಿಯಿತು. ಮರುದಿನ ಅಂಗಡಿಯ ಮೊಸರನ್ನು ಅಮ್ಮನ ಬಟ್ಟಲಿಗೆ ಹಾಕಿ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, "ಇದು ನಮ್ಮನೇದಲ್ಲ," ಎಂದು ಬಟ್ಟಲು ಸರಿಸಿದಳು. ನೀನು ಮದುವೆಯಾಗಿ ಬುರ್ಗಾಸಿಗೆ ಹೊರಟಾಗ ಅಮ್ಮ ಅಲ್ಲಿ ಹೆಪ್ಪಿಗಾಗಲಿ ಅಂತ ಮೊಸರಲ್ಲಿ ಬಟ್ಟೆ ಅದ್ದಿ, ಒಣಗಿಸಿ ಕೊಟ್ಟಿದ್ದಳಲ್ಲ, ಹಾಗೇ ನಿನ್ನ ಮನೆಯ ಮೊಸರಲ್ಲಿ ಅದ್ದಿ ಒಂದು ತುಂಡು ಕಳಿಸು ಸ್ನೆಜಾ. ಅವಳಿಗೆ ಗುರುತು ಸಿಗುತ್ತಿದ್ದ ಒಂದೇ ಒಂದನ್ನು ನಾನೇ ಕೊಂದೆ.