ಹಲಸಿನ ಮರದ ತಿರುವಿನಲ್ಲಿ ಹೇಳಬೇಕಾದ ಪದ್ಯ

ಬಲಗಡೆ ಸೀಟಿನ ನನ್ನ ಪೂಣಚ್ಚಣ್ಣನಿಗೆ,

ಮೊದಲ ಜೀಪ್ ರ‍್ಯಾಲಿ ನೆನಪಿದೆಯಾ? ನಾನು ಪಕ್ಕದಲ್ಲಿ ಕೂತು ಮುಂದಿನ ತಿರುವು ಇಷ್ಟು ಮೀಟರ್, ಅಷ್ಟು ಡಿಗ್ರಿ ಅಂತ ಓದ್ತಿದ್ದೆ. ಕುಟ್ಟದ ಇಳಿಜಾರಿನಲ್ಲಿ ನೀವು ಬ್ರೇಕ್ ತುಳಿದು, “ಲೆಕ್ಕ ಬೇಡ ಮಾರಾಯ, ಎಸ್ಟೇಟ್‌ನಲ್ಲೇ ಅದು ಸಾಕಾಗಿದೆ. ಕನ್ನಡ ಬಿ.ಎ. ಓದಿದ್ದು ದಂಡಕ್ಕಾ? ಪದ್ಯ ಹೇಳು” ಅಂದ್ರಿ. ಅವತ್ತಿನಿಂದ ಪ್ರತಿ ತಿರುವಿಗೂ ಒಂದು ಪದ್ಯ ಕಟ್ಟಿದೆ. ಎಂಜಿನ್ ಗದ್ದಲದಲ್ಲಿ ಅಂಕಿ ಕೇಳಿಸ್ತಿರಲಿಲ್ಲ, ಪ್ರಾಸ ಕೇಳಿಸ್ತಿತ್ತು. ‘ಹಲಸು ಕಂಡ್ರೆ ಎಡಕ್ಕೆ ಒರಸು, ಮೋರಿ ದಾಟಿ ಮೂರಕ್ಕೇರಿಸು.’ ಸಾಹಿತ್ಯಕ್ಕೆ ಇಷ್ಟು ಡೀಸೆಲ್ ಸುಟ್ಟವರು ಬೇರೆ ಇದ್ದಾರಾ?

ನಿಮ್ಮ ಕೊನೆಯ ರ‍್ಯಾಲಿಯ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಬಂದರೆ, ನನ್ನ ಸೀಟಿನಲ್ಲಿ ಯಾರೋ ಹೊರಗಿನವರು ಬೆಲ್ಟ್ ಬಿಗಿದು ಕೂತಿದ್ರು. ನೀವು ಸ್ಟೀರಿಂಗ್ ಒರೆಸ್ತಾ ಅಂದ್ರಿ, “ಇವ್ರು ಪ್ರೊಫೆಷನಲ್. ನೀನು ಜಾಕ್, ಸ್ಟೆಪ್ನಿ ತಗೊಂಡು ಹಿಂದಿನ ಜೀಪಲ್ಲಿ ಬಾ.” ಮುಖ ನೋಡಿ ಹೇಳಬಹುದಿತ್ತಲ್ಲ ಅಣ್ಣ? ಹಿಂದಿನ ದಿನ ನಮ್ಮನೇಲಿ ಕಡುಬು ತಿನ್ನುವಾಗ...

ಗೆದ್ದಿರಿ. ಮೈಕ್ ಹಿಡಿದು, “ಈ ತಿರುವುಗಳಿಗೆಲ್ಲ ನಾನೇ ಪದ್ಯ ಕಟ್ಟಿದ್ದೀನಿ, ಅದನ್ನೇ ಹೇಳ್ಕೊಂಡು ಓಡಿಸಿದೆ” ಅಂದ್ರಿ. ಜನ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ, ಕೈಯಲ್ಲಿ ಸ್ಪ್ಯಾನರ್ ಇತ್ತು, ಸದ್ದು ಚೆನ್ನಾಗೇ ಬಂತು. ಒಂದು ದಿನ ಕೂರಿಸಿ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಎದೆಗೇ ಹ್ಯಾಂಡ್‌ಬ್ರೇಕ್ ಎಳೆದುಬಿಟ್ರಿ. ಸತ್ತವರ ಹತ್ತಿರ ಜಗಳ ಆಡೋದು ಹೇಗೆ?

ಮೊನ್ನೆ ನಿಮ್ಮ ಮಗಳು ದೇಚು ನಿಮ್ಮ ಅದೇ ಜೀಪಲ್ಲಿ ಬಂದಳು. “ಅಂಕಲ್, ಭಾನುವಾರ ರ‍್ಯಾಲಿ. ಪಕ್ಕದಲ್ಲಿ ಒಬ್ರು ಇರಲೇಬೇಕಂತೆ. ನೀವು ಸುಮ್ನೆ ಕೂತ್ರೆ ಸಾಕು, ಅಪ್ಪ ಕಟ್ಟಿದ ಪದ್ಯ ನಂಗೆ ಬಾಯಿಪಾಠ. ಸ್ಕೂಲಿಗೆ ಬಿಡುವಾಗ ದಿನಾ ಹೇಳಿಸ್ತಿದ್ರು.”

ಮನೆಯಲ್ಲೂ ಅದೇ ಸುಳ್ಳಾ! ಮಂಡಿನೋವು ಅಂತ ಹೇಳಿ ಕಳಿಸೋಣ ಅಂದ್ಕೊಂಡೆ. ಅಷ್ಟರಲ್ಲಿ ಅವಳು ಖುಷಿಯಲ್ಲಿ ಶುರು ಮಾಡಿದಳು: ‘ಹಲಸು ಕಂಡ್ರೆ ಎಡಕ್ಕೆ ಒರಸು...’

ಅಣ್ಣ, ಅಲ್ಲೀಗ ಎಡವೇ ಇಲ್ಲ. ನೀವು ಹೋದ ಮೇಲಿನ ಮಳೆಗಾಲದಲ್ಲಿ ಎಡಗಡೆ ರಸ್ತೆ ಕುಸಿದು ಕೆಳಗೆ ಹರಿಯೋ ತೋಡಿಗೆ ಹೋಯ್ತು. ಈಗ ದಾರಿಯನ್ನು ಬಲಕ್ಕೆ ಕಡಿದಿದ್ದಾರೆ. ಅದು ನಾನು ಲೆಕ್ಕ ಬರೆಯೋ ಎಸ್ಟೇಟಿನ ಒಳರಸ್ತೆ. ರ‍್ಯಾಲಿ ದಿನದವರೆಗೂ ಹೊರಗಿನವರಿಗೆ ಗೇಟ್ ತೆಗೆಯಲ್ಲ. ರೈಟರ್ ಆಗಿ ನಾನು ದಿನಾ ಓಡಾಡ್ತೀನಿ, ಅವಳು ನೋಡೇ ಇಲ್ಲ. ಸಿಟ್ಟು ನಿಮ್ಮ ಮೇಲೆ. ತೋಡಿಗೆ ಬೀಳೋದು ಅವಳು.

ಜೀಪು ಹತ್ತಿದೆ. ಹಳೇ ಜಾಗ, ಸೀಟಿನ ಅದೇ ಕಿತ್ತುಹೋದ ಸ್ಪಂಜು.

“ಅದನ್ನ ಮರೆತುಬಿಡು. ಇದನ್ನ ಕಲಿ: ಹಲಸು ಕಂಡ್ರೆ ಉಸಿರು ಹಿಡಿ, ಎಡಕ್ಕೆ ತೋಡು, ಬಲಕ್ಕೆ ನಡಿ.”

ಅವಳು ನನ್ನನ್ನೇ ನೋಡಿದಳು. ನಿಮ್ಮದೇ ಕಣ್ಣು, ಆದರೆ ನೇರ ನೋಡ್ತವೆ. “ಅಂಕಲ್, ಹಳೇದೂ ನಿಮ್ದೇನಾ? ಅಪ್ಪ ಸುಳ್ಳು ಹೇಳಿದ್ರಾ?”

ಈ ಪ್ರಶ್ನೆಗೆ ಎಷ್ಟು ಕಾಲದಿಂದ ಕಾದಿದ್ದೆ, ನಿಮಗೇನು ಗೊತ್ತು?

“ಮೊದಲು ಬೆಲ್ಟ್ ಹಾಕು” ಅಂದೆ.

ಭಾನುವಾರ ಅವಳನ್ನು ಸುರಕ್ಷಿತವಾಗಿ ಇಳಿಸಿಕೊಂಡು ಬರ್ತೀನಿ. ಆಮೇಲೆ, ಎಂಜಿನ್ ಆರಿಸಿ, ಹೌದು ಅಂತೀನಿ.